ಸ್ಕ್ಯಾನ್ ರಿಪೋರ್ಟಿನಲ್ಲಿ ‘ನೀರು ಕಮ್ಮಿ’ ಅಂತ ಬಂದರೆ ಏನು ಮಾಡಬೇಕು?

ನನ್ನ ಏಳನೇ ತಿಂಗಳ ರಿಪೋರ್ಟಿನಲ್ಲಿ ‘ಲಿಕ್ಕರ್ ಅಡಿಕ್ವೇಟ್’ ಅಂತ ಇತ್ತು. ನಮ್ಮ ಯಜಮಾನರು ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಹೆಂಡದ ವಿಷಯ ಅಲ್ಲ ಮಾರಾಯ್ರೇ, ಮಗುವಿನ ಸುತ್ತ ಇರುವ ನೀರಿಗೆ ಡಾಕ್ಟರುಗಳು ಇಟ್ಟುಕೊಂಡಿರುವ ಲ್ಯಾಟಿನ್ ಹೆಸರು ಅದು. ನೀರು ಸಾಕಷ್ಟಿದೆ ಅಂತ ಅರ್ಥ. ಮುಂದಿನ ಸ್ಕ್ಯಾನಿನಲ್ಲಿ ‘ಎಎಫ್‌ಐ 7’, ಅಂದರೆ ಆ ನೀರಿನ ಅಳತೆ 7, ಅಂತ ಬಂತು ನೋಡಿ, ಮನೆಗೆ ಗೊನೆಗಟ್ಟಲೆ ಎಳನೀರು ಬರೋಕೆ ಶುರುವಾಯಿತು.

ಗಾಬರಿಗೆ ಮುಂಚೆ ಆ ನಂಬರ್ ಎಲ್ಲಿಂದ ಬಂತು ಅಂತ ತಿಳ್ಕೊಳ್ಳಿ. ಹೊಕ್ಕುಳನ್ನು ನಡುವೆ ಇಟ್ಟುಕೊಂಡು ಹೊಟ್ಟೆಯನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದೊಂದರಲ್ಲೂ ಮಗುವಿನ ಕೈಕಾಲು, ಹೊಕ್ಕುಳಬಳ್ಳಿ ಅಡ್ಡ ಬರದ ಜಾಗ ಹುಡುಕಿ ನೀರಿನ ಆಳ ಅಳೆಯುತ್ತಾರೆ. ನನ್ನದು 2.1, 1.4, 2.3, 1.2. ಕೂಡಿದರೆ 7 ಸೆಂಟಿಮೀಟರ್. ಸಾಮಾನ್ಯವಾಗಿ 5ರಿಂದ 25ರ ಒಳಗಿದ್ದರೆ ಸರಿ ಅಂತ ಲೆಕ್ಕ. ಕೆಲವರು ಎಲ್ಲಕ್ಕಿಂತ ಆಳದ ಒಂದೇ ಜಾಗ ಅಳೆದು ಬರೆಯುತ್ತಾರೆ, ಅದು 2ರಿಂದ 8 ಇರಬೇಕು. ಎರಡನ್ನೂ ಕಲಸಿಕೊಂಡು ‘ಅಯ್ಯೋ ಬರೀ 4’ ಅಂತ ಅಳಬೇಡಿ. ಮಗು ಸ್ವಲ್ಪ ಹೊರಳಿದರೂ ನಂಬರ್ ಬದಲಾಗುತ್ತದೆ, ಅದಕ್ಕೇ ಹಳೇ ರಿಪೋರ್ಟ್ ಪಕ್ಕಕ್ಕಿಟ್ಟು ನೋಡಬೇಕು. ಸುಮಾರು 34 ವಾರಕ್ಕೆ ನೀರು 800 ಮಿಲಿಯಷ್ಟಿದ್ದು, ದಿನ ತುಂಬುವಾಗ ತಾನಾಗೇ ಇಳಿಯುತ್ತದೆ.

ಐದನೇ ತಿಂಗಳ ಹೊತ್ತಿಗೆ ಈ ನೀರಿನಲ್ಲಿ ಹೆಚ್ಚಿನದು ಮಗುವಿನ ಉಚ್ಚೆಯೇ! ಅದು ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ, ಮತ್ತೆ ಕುಡಿಯುತ್ತದೆ. ಅದರ ಶ್ವಾಸಕೋಶ ಬೆಳೆಯೋಕೂ ಈ ನೀರು ಬೇಕು. ಹಾಗಾಗಿ ನೀರು ಕಮ್ಮಿಯಾದರೆ ಡಾಕ್ಟರು ಮಗುವಿನ ಕಿಡ್ನಿ, ತೂಕ, ಮಾಸಿನ ರಕ್ತ ಸಂಚಾರ ನೋಡುತ್ತಾರೆ. ಜಾಸ್ತಿಯಾದರೆ ನಿಮ್ಮ ಶುಗರ್ ಹೇಗಿದೆ, ಮಗು ಸರಿಯಾಗಿ ನುಂಗುತ್ತಿದೆಯಾ ಅಂತ ನೋಡುತ್ತಾರೆ. ನೀವು ಕೇಳಬೇಕಾದ್ದು ಇಷ್ಟೇ: ನೀರು ಸೋರುತ್ತಿದೆಯಾ, ಮಗು ವಾರಕ್ಕೆ ತಕ್ಕಂತೆ ಬೆಳೆದಿದೆಯಾ, ಡಾಪ್ಲರ್ (ರಕ್ತ ಸಂಚಾರ ನೋಡುವ ಸ್ಕ್ಯಾನ್) ಹೇಗಿದೆ, ಮತ್ತೆ ಯಾವಾಗ ಸ್ಕ್ಯಾನ್. ಸೊಂಟನೋವಿಗೆ ಅಂತ ಐಬುಪ್ರೊಫೆನ್ ಥರದ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, 20 ವಾರದ ಮೇಲೆ ಅದರಿಂದಲೂ ನೀರು ಇಳಿಯಬಹುದು.

ಎಳನೀರು ಕುಡಿಯಿರಿ, ತಪ್ಪಿಲ್ಲ. ಮೈಯಲ್ಲಿ ನೀರಿನಂಶ ಕಮ್ಮಿಯಿದ್ದರೆ ಚೆನ್ನಾಗಿ ಕುಡಿದಾಗ ನಂಬರ್ ಸ್ವಲ್ಪ ಏರುವುದುಂಟು. ಬರೀ ನೀರಿಗೂ ಅದೇ ಗುಣ ಇದೆ, ಶುಗರ್ ಇದ್ದವರಿಗೆ ಅದೇ ವಾಸಿ. ಆದರೆ ಚೀಲ ಒಡೆದು ಸೋರುತ್ತಿದ್ದರೆ ಎಷ್ಟು ಕುಡಿದರೂ ತೂತು ಮಡಕೆಗೆ ನೀರು ತುಂಬಿದ ಹಾಗೆ.

ಸೋರುವುದು ಗೊತ್ತಾಗೋದೇ ಕಷ್ಟ. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲರಿಗೂ ದಬಕ್ಕನೆ ಹೋಗುವುದಿಲ್ಲ, ಕೆಲವರಿಗೆ ಲಂಗ ಒದ್ದೆಯಾಗುವಷ್ಟು ತೊಟ್ಟಿಕ್ಕುತ್ತದೆ, ‘ಕೆಮ್ಮಿದಾಗ ಉಚ್ಚೆ ಬಂತೇನೋ’ ಅಂತ ಸುಮ್ಮನಾಗುತ್ತಾರೆ. 37 ವಾರ ತುಂಬಿದ ಮೇಲೆ ಅನುಮಾನ ಬಂದರೆ ಹೀಗೆ ಮಾಡಿ. ಉಚ್ಚೆ ಹೊಯ್ದು ಬಂದು, ಒಣಗಿದ ಬಿಳಿ ಪ್ಯಾಡ್ ಹಾಕಿಕೊಂಡು ಅರ್ಧ ಗಂಟೆ ಮಲಗಿ. ಆಮೇಲೆ ಎದ್ದು ನಿಲ್ಲಿ. ನಿಂತ ಕೂಡಲೇ ಬೆಚ್ಚಗೆ ಇಳಿದರೆ ನೀರೇ ಇರಬಹುದು. ಪ್ಯಾಡ್ ನೋಡಿ: ಬಿಳಿಸೆರಗು ಲೋಳೆಯಾಗಿರುತ್ತದೆ, ಉಚ್ಚೆಗೆ ವಾಸನೆ ಇರುತ್ತದೆ, ಈ ನೀರು ತೆಳ್ಳಗೆ, ಬಣ್ಣವಿಲ್ಲದೆ ಅಥವಾ ಸ್ವಲ್ಪ ಹಳದಿಯಾಗಿ ಹರಡಿರುತ್ತದೆ. ಇದು ಬರೀ ಸುಳಿವು. ನೀರೇ ಅನ್ನಿಸಿದರೆ, ಇಲ್ಲವೇ ಪ್ಯಾಡ್ ಒಣಗಿದ್ದರೂ ಅನುಮಾನ ಹೋಗದಿದ್ದರೆ, ಆಸ್ಪತ್ರೆಗೆ ಹೋಗಿ, ಆ ಪ್ಯಾಡನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ. ನಾಚಿಕೆ ಬೇಡ, ಅವರು ಇದಕ್ಕಿಂತ ಜಾಸ್ತಿ ನೋಡಿರುತ್ತಾರೆ. ನೀರು ಹಸಿರು ಅಥವಾ ಕಂದು ಇದ್ದರೆ ಮಗು ಒಳಗೇ ಕಕ್ಕ ಮಾಡಿಕೊಂಡಿರಬಹುದು. ಆಗ, ಇಲ್ಲವೇ ಜ್ವರ, ರಕ್ತ, ಮಗುವಿನ ಒದೆತ ಕಮ್ಮಿ, 37 ವಾರಕ್ಕೆ ಮುಂಚೆ ಸೋರಿಕೆ, ಇದರಲ್ಲಿ ಯಾವುದೇ ಇದ್ದರೂ ಪ್ಯಾಡ್ ಪರೀಕ್ಷೆ ಅಂತ ಕೂರಬೇಡಿ. ತಾಯಿ ಕಾರ್ಡ್ ಎತ್ತಿಕೊಂಡು ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಇದೇ ನೀರನ್ನು ಪರೀಕ್ಷೆಗೂ ತೆಗೆಯುತ್ತಾರೆ, ಆಮ್ನಿಯೋಸೆಂಟಿಸಿಸ್ ಅಂತ. ಡಬಲ್ ಮಾರ್ಕರ್, ಎನ್‌ಐಪಿಟಿ ಅಂತ ತಾಯಿಯ ರಕ್ತದಲ್ಲಿ ಮಾಡುವ ಪರೀಕ್ಷೆಗಳೆಲ್ಲ ಬರೀ ಅಂದಾಜು ಹೇಳುತ್ತವೆ. ಡೌನ್ ಸಿಂಡ್ರೋಮ್ ಇದೆಯೋ ಇಲ್ಲವೋ ಅಂತ ಖಚಿತ ಮಾಡೋಕೆ ಇದು ಬೇಕು, ಯಾಕೆಂದರೆ ನೀರಿನಲ್ಲಿ ಮಗುವಿನ ಜೀವಕೋಶಗಳೇ ತೇಲುತ್ತಿರುತ್ತವೆ. 15 ವಾರ ಆದಮೇಲೆ ಮಾಡುತ್ತಾರೆ. ಸ್ಕ್ಯಾನ್ ನೋಡುತ್ತಲೇ ಹೊಟ್ಟೆಯ ಮೂಲಕ ತೆಳು ಸೂಜಿ ಹಾಕಿ ಸುಮಾರು 20 ಮಿಲಿ, ಅಂದರೆ ನಾಲ್ಕು ಟೀ ಚಮಚದಷ್ಟು, ಎಳೆಯುತ್ತಾರೆ. ಗರ್ಭ ಹೋಗುವ ಅಪಾಯ ಚಿಕ್ಕದು ಆದರೂ ಇದೆ, ಅಲ್ಲಿ ಎಷ್ಟು ಅಂತ ಕೇಳಿ. ಮೊದಲ ರಿಪೋರ್ಟ್ ಕೆಲವು ದಿನದಲ್ಲಿ, ಪೂರ್ತಿ ರಿಪೋರ್ಟ್ ಎರಡು ಮೂರು ವಾರದಲ್ಲಿ ಬರುತ್ತದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳಿ, ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ಗಂಡೋ ಹೆಣ್ಣೋ ಅಂತ ಕೇಳಬೇಡಿ, ಹೇಳುವುದು 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಪ್ರಕಾರ ಅಪರಾಧ. ಅದೇ ಕಾಯ್ದೆ ಪ್ರಕಾರ ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮಗೂ ಕೊಡಬೇಕು. ಇಂಗ್ಲಿಷ್ ಫಾರಂ ಚಾಚಿ ‘ಇಲ್ಲಿ ಸೈನ್ ಹಾಕಮ್ಮ’ ಅಂದರೆ, ಕನ್ನಡದ್ದು ಕೊಡಿ ಅಂತ ಕೇಳಿ.