ಉದ್ದ ಕತ್ತಿಯ ಶೇವಿಂಗ್: ಕರಾವಳಿಯಲ್ಲಿ ಶುರು ಮಾಡುವುದು ಹೇಗೆ?

ಸಲೂನಿನಲ್ಲಿ ಈಗ ಹೆಚ್ಚಾಗಿ ಕಾಣುವುದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ಗಿರಾಕಿಗೊಂದು ಬ್ಲೇಡ್, ಮಸೆಯುವ ರಗಳೆ ಇಲ್ಲ. ಇಲ್ಲಿ ಹೇಳುತ್ತಿರುವುದು ಅದಲ್ಲ, ಹಿಡಿಯೊಳಗೆ ಮಡಚುವ ಹಳೇ ಕಾಲದ ಕತ್ತಿ. ಚೆನ್ನಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಅದನ್ನು ಕೆಡಿಸುವುದು ಗಡ್ಡವಲ್ಲ, ಉಪ್ಪುಗಾಳಿ.

ಅಲಗಿನ ಅಗಲ 5/8 ಅಥವಾ 6/8 ಇಂಚು ಇರಲಿ, ತುದಿ ದುಂಡಗಿರಲಿ. ಚೂಪು ಮೂಲೆಯ ಕತ್ತಿ ಕಿವಿಯ ಬುಡವನ್ನು ಗೀರದೆ ಬಿಡುವುದಿಲ್ಲ. ಕಾರ್ಬನ್ ಸ್ಟೀಲ್ ಮಸೆಯಲು ಸುಲಭ, ತುಕ್ಕು ಹಿಡಿಯಲೂ ಸುಲಭ. ಸಮುದ್ರದ ಪಕ್ಕ ಮನೆಯಿದ್ದರೆ ಸ್ಟೇನ್‌ಲೆಸ್ ವಾಸಿ. ಹೊಸದೆಂದ ಮಾತ್ರಕ್ಕೆ ಹರಿತ ಇರುತ್ತದೆ ಅಂತಲ್ಲ. ಶೇವಿಂಗ್‌ಗೆ ತಯಾರಾಗಿ ಮಸೆದು ಕೊಡುತ್ತಾರಾ ಎಂದು ಕೇಳಿಯೇ ತೆಗೆದುಕೊಳ್ಳಿ.

ಸ್ನಾನ ಮುಗಿಸಿ, ಬಿಸಿನೀರಿಗೆ ಗಡ್ಡ ಮೆತ್ತಗಾಗಿರುವಾಗಲೇ ಕೂರಿ. ಬ್ರಶ್‌ನಿಂದ ದಪ್ಪಗೆ ನೊರೆ ಹಚ್ಚಿ. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅರ್ಧ ಕೆಲಸ ಈ ಕೈಯದ್ದೇ. ಕತ್ತಿ ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿರಲಿ. ಒತ್ತಬೇಡಿ, ಕೂದಲು ಮಲಗಿದ ದಿಕ್ಕಿಗೇ ಸಣ್ಣ ಸಣ್ಣದಾಗಿ ಎಳೆಯಿರಿ. ಮೊದಮೊದಲು ಎರಡೂ ಕೆನ್ನೆ ಮಾತ್ರ ಸಾಕು. ಗಲ್ಲ, ಮೇಲ್ದುಟಿ ನಿಮ್ಮ ಮಾಮೂಲಿ ರೇಜರ್‌ಗೇ ಇರಲಿ. ಗಾಯವಾದರೆ ಪಟಿಕ ಒತ್ತಿ. ಕತ್ತಿ ಕೈಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ.

ಇನ್ನು ಹರಿತ. ಪ್ರತಿ ಶೇವಿಂಗ್‌ಗೆ ಮುಂಚೆ ಚರ್ಮದ ಪಟ್ಟಿಯ ಮೇಲೆ 30–40 ಸಲ ಹೋಗಿ ಬರಬೇಕು. ಇದು ಮಸೆಯುವುದಲ್ಲ, ಬಾಗಿದ ಬಾಯಿಯನ್ನು ನೆಟ್ಟಗೆ ಮಾಡುವುದು. ಪಟ್ಟಿ ಜೋಲಬಾರದು. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಬೆನ್ನಿನ ಮೇಲೇ ಹೊರಳಿಸಿ. ಬಾಯಿಯ ಕಡೆಯಿಂದ ಹೊರಳಿಸಿದರೆ ಪಟ್ಟಿಯೂ ಸೀಳುತ್ತದೆ, ಹರಿತವೂ ಹೋಗುತ್ತದೆ. ಸಿನೆಮಾದಲ್ಲಿ ಪಟಪಟ ಬಡಿಯುತ್ತಾರಲ್ಲ, ಅದನ್ನು ಮರೆತುಬಿಡಿ. ಪಟ್ಟಿ ಇಲ್ಲದ ದಿನ ಮಡಚಿದ ಪೇಪರ್ ಮೇಲೆ ಎಳೆದರೂ ತಕ್ಕಮಟ್ಟಿಗೆ ನಡೆಯುತ್ತದೆ. ಬೇಕಾದರೆ ಇದೇ ಪುಟ ಆದೀತು, ಆದರೆ ಓದಿ ಮುಗಿಸಿ.

ಶೇವಿಂಗ್ ಆದ ಕೂಡಲೇ ತೊಳೆದು ಮೆತ್ತನೆ ಬಟ್ಟೆಯಿಂದ ಒರೆಸಿ. ಹಿಡಿಯ ಸಂದಿಯಲ್ಲಿ, ಕೀಲಿನ ಹತ್ತಿರ ನೀರು ಕೂತಿರುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ಒಂದೆರಡು ತಾಸು ತೆರೆದಿಟ್ಟು, ಆಮೇಲೆ ತೆಳ್ಳಗೆ ಎಣ್ಣೆ ಸವರಿ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇದ್ದೇ ಇರುತ್ತದೆ, ಅಲ್ವಾ? ಆದರೆ ಅದು ಬರಬರುತ್ತಾ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಕತ್ತಿಯನ್ನು ಬಚ್ಚಲಲ್ಲಿ ಮಾತ್ರ ಇಡಬೇಡಿ. ಶಿರಸಿಯವರಿಗೆ ಉಪ್ಪುಗಾಳಿಯ ಕಾಟವಿಲ್ಲ ನಿಜ, ಆದರೆ ಮಳೆಗಾಲದಲ್ಲಿ ಚರ್ಮದ ಪಟ್ಟಿಗೆ ಬೂಷ್ಟು ಬರುವುದು ಅಲ್ಲೂ ತಪ್ಪಿದ್ದಲ್ಲ. ಪಟ್ಟಿಯನ್ನು ಗಾಳಿಯಾಡುವ, ಬೆಚ್ಚಗಿನ ಜಾಗದಲ್ಲಿ ನೇತುಹಾಕಿ. ಕತ್ತಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಹಾಕಿ.

ಪಟ್ಟಿಗೆ ಎಳೆದರೂ ಕೂದಲು ಜಗ್ಗುತ್ತಿದೆಯೇ? ಈಗ ಕಲ್ಲು ಬೇಕು. ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ಈ ಸರದಿ ಬರುತ್ತದೆ. 12,000 ಗ್ರಿಟ್‌ನ (ಗ್ರಿಟ್ ಅಂದರೆ ಕಲ್ಲಿನ ನಯದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಯ) ಕಲ್ಲನ್ನು ನೀರಿನಿಂದ ಒದ್ದೆ ಮಾಡಿ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ. ಇಲ್ಲಿ ಬಾಯಿಯೇ ಮುಂದೆ, ಪಟ್ಟಿಗೆ ಪೂರಾ ಉಲ್ಟಾ. ಹತ್ತಿಪ್ಪತ್ತು ಸಲ ಹಗುರವಾಗಿ ಎಳೆದರೆ ಸಾಕು. ಬಾಯಿ ಮುಕ್ಕಾಗಿದ್ದರೆ 1,000 ಗ್ರಿಟ್‌ನಿಂದ ಹಂತ ಹಂತವಾಗಿ ಮೇಲೇರಬೇಕು. ಮೊದಲ ಸಲ ಅದನ್ನು ತಿಳಿದವರ ಕೈಗೇ ಕೊಡಿ. ಅಡಿಕೆ ಸುಲಿಯುವ ಕತ್ತಿ ಮಸೆಯುವ ಕಲ್ಲು ಇದಕ್ಕೆ ತೀರಾ ಒರಟು. ಸಾಣೆಚಕ್ರದವನ ಕೈಗಂತೂ ಕೊಡಲೇಬೇಡಿ. ಚಕ್ರದ ಬಿಸಿಗೆ ಉಕ್ಕಿನ ಹದ ಒಮ್ಮೆ ಹೋದರೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.