ಜರ್ಮನಿಯಲ್ಲಿ ಕಾರಿನ ಹಿಂದೆ ಕ್ಯಾರವಾನ್: ಕೊಳ್ಳುವ ಮೊದಲು ಓದಬೇಕಾದ ಕಾಗದ

ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಮಾರುವವರ ಅಂಗಳಕ್ಕೆ ಕಾಲಿಡುವ ಮೊದಲು ನಿಮ್ಮ ಕಾರಿನ ನೋಂದಣಿ ಪತ್ರವನ್ನು ಮೇಜಿನ ಮೇಲೆ ಬಿಡಿಸಿಡಿ. ಇಲ್ಲಿನವರು ಅದನ್ನು ಫಾರ್‌ಟ್ಸೊಯ್ಗ್‌ಶೈನ್ ಎನ್ನುತ್ತಾರೆ. ಮ್ಯೂನಿಕ್, ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಕಡೆಯ ಕನ್ನಡದ ಕುಟುಂಬಗಳು ಮಕ್ಕಳು ಹುಟ್ಟಿದ ಮೇಲೆ ಹಿಂಬದಿ ಉದ್ದವಿರುವ ಕೊಂಬಿ ಕಾರು ಕೊಳ್ಳುವುದು ಸಾಮಾನ್ಯ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರ ಹಿಂದೆ ಒಂದು ಸಣ್ಣ ಕ್ಯಾರವಾನ್ ಕಟ್ಟಿಕೊಂಡು ಹೊರಡುವ ಆಸೆಯೂ ಮೂಡುತ್ತದೆ. ನಮ್ಮದೇ ಒಲೆ, ನಮ್ಮದೇ ಅನ್ನ ಸಾರು, ಮಕ್ಕಳು ಮಲಗಿದ ಮೇಲೆ ಹೊರಗೆ ಕುರ್ಚಿ ಹಾಕಿಕೊಂಡು ಕೂರುವ ಸಂಜೆ: ಸಸ್ಯಾಹಾರಿ ಕುಟುಂಬಕ್ಕಂತೂ ಇದಕ್ಕಿಂತ ನೆಮ್ಮದಿಯ ಪ್ರವಾಸವಿಲ್ಲ. ಆಸೆ ಒಳ್ಳೆಯದೇ. ಆದರೆ ಈ ದೇಶ ಒಂದೇ ಕ್ಯಾರವಾನನ್ನು ಬೇರೆ ಬೇರೆ ತಕ್ಕಡಿಗಳಲ್ಲಿ ತೂಗುತ್ತದೆ. ಯಾವ ತಕ್ಕಡಿ ಯಾವ ಪ್ರಶ್ನೆಗೆ ಎಂಬುದು ತಿಳಿಯದೆ ಹಣ ಕೊಟ್ಟವರು ಆಮೇಲೆ ಪರದಾಡುತ್ತಾರೆ.

ಮೊದಲನೆಯದು ಚಾಲನಾ ಪರವಾನಗಿಯ ತಕ್ಕಡಿ. ಭಾರತದ ಪರವಾನಗಿ ಇಲ್ಲಿ ವಾಸ ಆರಂಭಿಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಮುಗಿಸಿ ಜರ್ಮನಿಯ ಬಿ ವರ್ಗದ ಪರವಾನಗಿ ಪಡೆಯಬೇಕು. ಈ ಬಿ ವರ್ಗದಲ್ಲಿ 750 ಕೆ.ಜಿ. ವರೆಗಿನ ಟ್ರೈಲರನ್ನು (ಕಾರಿನ ಹಿಂದೆ ಕಟ್ಟುವ ಗಾಡಿ; ಕ್ಯಾರವಾನೂ ಒಂದು ಟ್ರೈಲರೇ) ಯಾವಾಗಲೂ ಎಳೆಯಬಹುದು. ಅದಕ್ಕಿಂತ ದೊಡ್ಡದಾದರೆ ಕಾರು ಮತ್ತು ಟ್ರೈಲರ್ ಎರಡರ ಅನುಮತಿತ ಒಟ್ಟು ತೂಕ ಸೇರಿ 3,500 ಕೆ.ಜಿ. ಮೀರಬಾರದು. ಇಲ್ಲಿ ಗಮನಿಸಬೇಕಾದದ್ದು, ಲೆಕ್ಕಕ್ಕೆ ಬರುವುದು ಕಾಗದದ ಮೇಲಿನ ಗರಿಷ್ಠ ತೂಕ. ಕ್ಯಾರವಾನ್ ಖಾಲಿ ಇದೆ, ಒಳಗೆ ಒಂದು ಚಮಚವೂ ಇಲ್ಲ ಎಂದು ಪೊಲೀಸರಿಗೆ ಹೇಳಿದರೆ ಉಪಯೋಗವಿಲ್ಲ. ಕಾರಿನ ಪತ್ರದಲ್ಲಿ ಎಫ್.1 ಮತ್ತು ಎಫ್.2 ಎಂಬ ಖಾನೆಗಳಲ್ಲಿ 2,100 ಎಂದಿದ್ದು ಕ್ಯಾರವಾನಿನ ಪತ್ರದಲ್ಲಿ 1,300 ಎಂದಿದ್ದರೆ ಒಟ್ಟು 3,400, ಬಿ ಸಾಕು. ಅದೇ ಕ್ಯಾರವಾನ್ 1,500 ಕೆ.ಜಿ.ಯದ್ದಾದರೆ 3,600, ಬಿ ಸಾಲದು.

ಸಾಲದಿದ್ದರೆ ಹೆದರಬೇಕಾಗಿಲ್ಲ. ಬಿ96 ಎಂಬ ಸೇರ್ಪಡೆಯಿದೆ. ಅದರಲ್ಲಿ ಜೋಡಿಯ ಮಿತಿ 4,250 ಕೆ.ಜಿ. ವರೆಗೆ ಏರುತ್ತದೆ. ಅದಕ್ಕೆ ಪರೀಕ್ಷೆಯೇ ಇಲ್ಲ. ಡ್ರೈವಿಂಗ್ ಶಾಲೆಯಲ್ಲಿ ಏಳು ಗಂಟೆಯ ತರಬೇತಿ ಮುಗಿಸಿ, ಪ್ರಮಾಣಪತ್ರವನ್ನು ಪರವಾನಗಿ ಕಚೇರಿಗೆ ಕೊಟ್ಟು ಕಾರ್ಡಿನಲ್ಲಿ ನಮೂದು ಮಾಡಿಸಿಕೊಂಡರೆ ಆಯಿತು. ಇನ್ನೂ ಭಾರದ ಟ್ರೈಲರಿಗೆ ಬಿಇ ಎಂಬ ವರ್ಗ ಬೇಕು, ಅದಕ್ಕೆ ರಸ್ತೆ ಪರೀಕ್ಷೆ ಇದೆ. ಸಣ್ಣ ಕ್ಯಾರವಾನಿನ ಕುಟುಂಬಕ್ಕೆ ಬಿ96 ಧಾರಾಳ. ನಿಮಗೆ ಬಿ ಸಾಕಾಗುವಂತಿದ್ದರೂ ಆ ಏಳು ಗಂಟೆಗೆ ಹಣ ಕೊಡುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಕಾರು ಓಡಿಸುವ ಅನುಭವ ಎಷ್ಟೇ ಇದ್ದರೂ ಹಿಂದಕ್ಕೆ ತಿರುಗಿಸುವಾಗ ಅದು ಕೈಕೊಡುತ್ತದೆ.

ಈ ವಿಷಯದಲ್ಲಿ ಕಚೇರಿಯ ಹಿರಿಯ ಸಹೋದ್ಯೋಗಿಯ ಸಲಹೆಯನ್ನು ಕಣ್ಣುಮುಚ್ಚಿ ನಂಬಬೇಡಿ. 1999ಕ್ಕೆ ಮುಂಚೆ ಪರವಾನಗಿ ಪಡೆದ ಜರ್ಮನ್ನರಲ್ಲಿ ಹಳೆಯ 3ನೇ ವರ್ಗವಿದೆ. ಅವರಿಗೆ ದೊಡ್ಡ ಕ್ಯಾರವಾನ್ ಎಳೆಯಲು ಬೇರೇನೂ ಬೇಕಿಲ್ಲ. ಈಗಿನ 3,500 ಮತ್ತು 4,250ರ ಲೆಕ್ಕ ಬಂದದ್ದು 2013ರ ಜನವರಿಯಲ್ಲಿ. ಅವರು ‘ಏನೂ ಬೇಡ’ ಎಂದು ಹೇಳುವುದು ಪ್ರಾಮಾಣಿಕವಾಗಿಯೇ, ಆದರೆ ಅದು ಅವರ ಕಾರ್ಡಿಗೆ ಸಲ್ಲುವ ಮಾತು. ಸರಿಯಾದ ವರ್ಗವಿಲ್ಲದೆ ಎಳೆಯುವುದು ಇಲ್ಲಿ ಬರಿಯ ದಂಡದ ವಿಷಯವಲ್ಲ, ಅಪರಾಧ. ವಾಸದ ಅನುಮತಿ, ಪೌರತ್ವ ಎಂದು ಅರ್ಜಿ ಹಾಕಿಕೊಂಡು ಕಾಯುತ್ತಿರುವ ನಮ್ಮಂಥವರಿಗೆ ಅಂಥ ಒಂದು ಪ್ರಕರಣ ಎಷ್ಟು ಭಾರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಕಾರಿನ ಶಕ್ತಿಯ ತಕ್ಕಡಿ, ಅಂದರೆ ಕಾರು ಎಳೆಯಬಹುದಾದ ಭಾರ, ಆನ್‌ಹೆಂಗೆಲಾಸ್ಟ್. ಅದೇ ಪತ್ರದ ಒ.1 ಖಾನೆ ಬ್ರೇಕ್ ಇರುವ ಟ್ರೈಲರಿಗೆ, ಒ.2 ಬ್ರೇಕ್ ಇಲ್ಲದ್ದಕ್ಕೆ. ಇಲ್ಲಿ ಲೆಕ್ಕ ತಿರುಗುಮುರುಗು: ಆ ದಿನ ಕ್ಯಾರವಾನ್ ನಿಜವಾಗಿ ಎಷ್ಟು ತೂಗುತ್ತದೆಯೋ ಅದು ಮುಖ್ಯ. ಈ ಅಂಕಿ ಸಾಮಾನ್ಯವಾಗಿ ಶೇ. 12ರ ಏರಿಗೆ ಕೊಟ್ಟದ್ದಾಗಿರುತ್ತದೆ. ಆಲ್ಪ್ಸ್ ದಾಟುವ ಆಲೋಚನೆ ಇದ್ದರೆ ಮಿತಿಯ ಅಂಚಿನವರೆಗೆ ತುಂಬಬೇಡಿ. 13ನೇ ಖಾನೆಯಲ್ಲಿರುವುದು ಶ್ಟ್ಯುಟ್ಸ್‌ಲಾಸ್ಟ್, ಅಂದರೆ ಕಾರಿನ ಹಿಂದಿನ ಕೊಕ್ಕೆಯ ಗುಂಡಿನ ಮೇಲೆ ಕ್ಯಾರವಾನಿನ ಮೂತಿ ಊರಬಹುದಾದ ಭಾರ. ಕೊಂಬಿಗಳಲ್ಲಿ ಅದು 75ರಿಂದ 100 ಕೆ.ಜಿ. ಆಸುಪಾಸಿನಲ್ಲಿರುವುದು ಹೆಚ್ಚು. ಕ್ಯಾರವಾನಿಗೂ ತನ್ನದೇ ಒಂದು ಮಿತಿ ಇರುತ್ತದೆ. ಎರಡರಲ್ಲಿ ಚಿಕ್ಕದೇ ನಿಮ್ಮ ಮಿತಿ. ಅದನ್ನು ಮೀರದೆ, ಅದಕ್ಕೆ ಆದಷ್ಟು ಹತ್ತಿರ ಇರುವಂತೆ ಸಾಮಾನು ಜೋಡಿಸಿ. ಮೂತಿ ಹಗುರವಾದ ಕ್ಯಾರವಾನ್ ವೇಗದಲ್ಲಿ ಬಾಲ ಬೀಸತೊಡಗುತ್ತದೆ.

ನಮ್ಮ ಮನೆಗಳವರು ಎಡವುವುದು ಸಾಮಾನಿನ ತೂಕದಲ್ಲಿ. ಸಣ್ಣ ಕ್ಯಾರವಾನಿನ ಖಾಲಿ ತೂಕಕ್ಕೂ ಗರಿಷ್ಠ ತೂಕಕ್ಕೂ ನಡುವೆ ಉಳಿಯುವುದು ಅನೇಕ ಸಲ 200 ಕೆ.ಜಿ. ಆಸುಪಾಸು ಮಾತ್ರ. ಹನ್ನೊಂದು ಕೆ.ಜಿ. ಅನಿಲದ ಉಕ್ಕಿನ ಸಿಲಿಂಡರ್ ತುಂಬಿದಾಗ ಅದರ ಎರಡರಷ್ಟು ತೂಗುತ್ತದೆ. 40 ಲೀಟರ್ ನೀರೆಂದರೆ 40 ಕೆ.ಜಿ. ಮುಂಬದಿಯ ಡೇರೆ, ಕುರ್ಚಿ, ಸೈಕಲ್ಲುಗಳು ಸೇರಿದ ಮೇಲೆ ಅಕ್ಕಿಯ ಚೀಲ, ಕುಕ್ಕರ್, ಬೇಳೆ ಡಬ್ಬಿಗಳಿಗೆ ಎಷ್ಟು ಉಳಿಯಿತು ಎಂದು ಕೂಡಿ ನೋಡಿ. ನೀರನ್ನು ಕ್ಯಾಂಪಿಂಗ್ ಜಾಗದಲ್ಲೇ ತುಂಬಿಸಿಕೊಳ್ಳಿ. ಭಾರದ ವಸ್ತುಗಳು ನೆಲಕ್ಕೆ ಹತ್ತಿರ, ಚಕ್ರದ ಅಚ್ಚಿನ ಮೇಲೆ ಬರಬೇಕು. ಮೇಲಿನ ಕಪಾಟುಗಳಿಗೆ ಬಟ್ಟೆ ಮಾತ್ರ. ಪೂರ್ತಿ ತುಂಬಿಸಿದ ಮೇಲೆ ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ. ಊರ ಸುತ್ತಮುತ್ತ ಕಸ ವಿಲೇವಾರಿ ಕೇಂದ್ರಗಳಲ್ಲಿ, ಕೃಷಿ ಸಾಮಗ್ರಿಯ ಗೋದಾಮುಗಳಲ್ಲಿ ಇಂಥವು ಸಿಗುತ್ತವೆ. ಅಡುಗೆಯ ಮಾತು ಬಂದದ್ದರಿಂದ ಇನ್ನೊಂದು ಸೂಚನೆ: ಕೆಲವು ಕ್ಯಾಂಪಿಂಗ್ ಜಾಗಗಳಲ್ಲಿ ಒಂದು ಸಂಪರ್ಕಕ್ಕೆ 6 ಆಂಪಿಯರ್ ವಿದ್ಯುತ್ ಮಾತ್ರ, ಅಂದರೆ ಸುಮಾರು 1,380 ವ್ಯಾಟ್. 750 ವ್ಯಾಟಿನ ಮಿಕ್ಸಿಯಲ್ಲಿ ಚಟ್ನಿ ರುಬ್ಬುವಾಗ ವಿದ್ಯುತ್ ಕೆಟಲ್ ಹಚ್ಚಿದರೆ ಫ್ಯೂಸ್ ಹಾರುತ್ತದೆ. ಚಹಾ ಅನಿಲದ ಒಲೆಯ ಮೇಲಿರಲಿ.

ಮೂರನೆಯ ತಕ್ಕಡಿ ವೇಗದ್ದು. ಟ್ರೈಲರ್ ಎಳೆಯುವ ಕಾರಿಗೆ ಆಟೋಬಾನ್ ಎಂಬ ಹೆದ್ದಾರಿಯ ಮೇಲೂ ಮಿತಿ ಗಂಟೆಗೆ 80 ಕಿ.ಮೀ. ಮಾತ್ರ. 100ಕ್ಕೆ ಏರಿಸಿಕೊಳ್ಳಲು ಅವಕಾಶವಿದೆ, ಆದರೆ ಷರತ್ತುಗಳಿವೆ. ಕಾರಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರಬೇಕು. ಕ್ಯಾರವಾನಿನ ಟೈರುಗಳು ಆರು ವರ್ಷಕ್ಕಿಂತ ಹಳೆಯವಾಗಿರಬಾರದು ಮತ್ತು ಕನಿಷ್ಠ 120 ಕಿ.ಮೀ. ವೇಗಕ್ಕೆ ಒಪ್ಪಿತವಾಗಿರಬೇಕು. ಬ್ರೇಕ್ ಮತ್ತು ಶಾಕ್ ಅಬ್ಸಾರ್ಬರ್ ಇರುವ ಕ್ಯಾರವಾನಿನ ಗರಿಷ್ಠ ತೂಕ ಕಾರಿನ ಖಾಲಿ ತೂಕದ 0.8 ಪಟ್ಟು ದಾಟಬಾರದು. ಓಲಾಟ ತಡೆಯುವ ವಿಶೇಷ ಕೊಕ್ಕೆ ಇದ್ದರೆ ಸಮಸಮ ಆಗಬಹುದು. 1,500 ಕೆ.ಜಿ.ಯ ಕಾರಿಗೆ ಆ ಕೊಕ್ಕೆ ಇಲ್ಲದೆ 1,200, ಇದ್ದರೆ 1,500. ಎಲ್ಲ ಸರಿಯಿದ್ದರೆ ನೋಂದಣಿ ಕಚೇರಿಯ ಮುದ್ರೆಯುಳ್ಳ 100ರ ಫಲಕ ಕ್ಯಾರವಾನಿನ ಬೆನ್ನಿಗೆ ಬರುತ್ತದೆ. ಫಲಕ ಕ್ಯಾರವಾನಿನ ಮೇಲಿದ್ದರೂ ಷರತ್ತು ಜೋಡಿಗೆ ಅನ್ವಯಿಸುತ್ತದೆ: ಹಗುರವಾದ ಬೇರೆ ಕಾರಿಗೆ ಕಟ್ಟಿದ ಕ್ಷಣ ಮತ್ತೆ 80. ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಂತೂ ಟ್ರೈಲರ್ ಎಳೆಯುವ ಎಲ್ಲ ಕಾರಿಗೂ 80. ಒಂದೇ ದಿಕ್ಕಿಗೆ ಮೂರು ಲೇನುಗಳಿರುವಲ್ಲಿ ಏಳು ಮೀಟರಿಗಿಂತ ಉದ್ದದ ಜೋಡಿ ಎಡತುದಿಯ ಲೇನಿಗೆ ಹೋಗುವಂತಿಲ್ಲ. ನಿಮ್ಮ ಜೋಡಿ ಖಂಡಿತ ಅದಕ್ಕಿಂತ ಉದ್ದ.

ಕ್ಯಾರವಾನ್ ಓಲಾಡತೊಡಗಿದರೆ ವೇಗ ಹೆಚ್ಚಿಸಿ ಸರಿಪಡಿಸುತ್ತೇನೆ ಎನ್ನಬೇಡಿ. ಸ್ಟೀರಿಂಗನ್ನು ನೇರ, ಬಿಗಿಯಾಗಿ ಹಿಡಿದು, ಎದುರು ದಿಕ್ಕಿಗೆ ತಿರುಗಿಸದೆ, ಗಟ್ಟಿಯಾಗಿ ಬ್ರೇಕ್ ಒತ್ತಿ ಎಂದು ಇಲ್ಲಿ ಕಲಿಸುತ್ತಾರೆ. ಹಿಂದಕ್ಕೆ ಹೋಗುವಾಗ ಕೈಯನ್ನು ಸ್ಟೀರಿಂಗಿನ ಕೆಳತುದಿಯಲ್ಲಿಡಿ. ಕ್ಯಾರವಾನ್ ಯಾವ ಕಡೆಗೆ ಸಾಗಬೇಕೋ ಕೈಯೂ ಆ ಕಡೆಗೆ ಸರಿಯಲಿ. ಭಾನುವಾರ ಯಾವುದಾದರೂ ಅಂಗಡಿಯ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಮಾಲೀಕರ ಅನುಮತಿ ಪಡೆದು, ಇದನ್ನು ಅಭ್ಯಾಸ ಮಾಡಿ. ಕ್ಯಾರವಾನ್ ಕಾರಿಗಿಂತ ಅಗಲವಿದ್ದು ಹಿಂದಿನದು ಕಾಣದಿದ್ದರೆ ಹೆಚ್ಚುವರಿ ಕನ್ನಡಿಗಳು ಕಡ್ಡಾಯ. ಓಡುತ್ತಿರುವಾಗ ಕ್ಯಾರವಾನಿನೊಳಗೆ ಯಾರೂ ಇರುವಂತಿಲ್ಲ, ನಿದ್ದೆ ಬಂದ ಮಗುವೂ.

ಕಾಗದಪತ್ರದ ಕೆಲಸ ಅಷ್ಟು ಕಷ್ಟದ್ದಲ್ಲ. ಕ್ಯಾರವಾನಿಗೆ ಸ್ವಂತ ನೋಂದಣಿ ಸಂಖ್ಯೆ, ಸ್ವಂತ ವಿಮೆ. ತೆರಿಗೆ ಪ್ರತಿ 200 ಕೆ.ಜಿ.ಗೆ ವರ್ಷಕ್ಕೆ 7.46 ಯೂರೊ; 1,300 ಕೆ.ಜಿ.ಯದ್ದಕ್ಕೆ ಆರೂವರೆ ಪಾಲನ್ನು ಏಳಕ್ಕೆ ಏರಿಸಿದ ಲೆಕ್ಕದಲ್ಲಿ ಸುಮಾರು 52 ಯೂರೊ. ಎರಡು ವರ್ಷಕ್ಕೊಮ್ಮೆ ಟ್ಯೂಫ್‌ನಂಥ ಸಂಸ್ಥೆಯಲ್ಲಿ ತಪಾಸಣೆ. 2025ರ ಜೂನ್‌ನಿಂದ ಅನಿಲದ ವ್ಯವಸ್ಥೆಯ ಪರೀಕ್ಷೆಯೂ ಪ್ರತ್ಯೇಕವಾಗಿ ಎರಡು ವರ್ಷಕ್ಕೊಮ್ಮೆ ಕಡ್ಡಾಯವಾಗಿದೆ. ಹಳೆಯ ಕ್ಯಾರವಾನ್ ಕೊಳ್ಳುವವರು ಆ ಪರೀಕ್ಷೆಯ ದಾಖಲೆಯಾದ ಹಳದಿ ಪುಸ್ತಿಕೆಯನ್ನು ಕೇಳಿ ಪಡೆಯಬೇಕು. ಮಾರುವವರು ಕೊಡದಿದ್ದರೆ ಚೌಕಾಸಿಗೆ ಅದೊಂದು ಕಾರಣ.

ನಿಲ್ಲಿಸುವ ಜಾಗದ ಬಗ್ಗೆ ಮಾತ್ರ ಮೊದಲೇ ಯೋಚಿಸಿ. ಕಾರಿನಿಂದ ಬಿಚ್ಚಿದ ಟ್ರೈಲರನ್ನು ಸಾರ್ವಜನಿಕ ರಸ್ತೆಯಲ್ಲಿ ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವಂತಿಲ್ಲ, ಮತ್ತು ಅಪಾರ್ಟ್‌ಮೆಂಟಿನ ನೆರೆಯವರು ದಿನ ಎಣಿಸುತ್ತಿರುತ್ತಾರೆ. ಊರ ಹೊರಗಿನ ರೈತರು ತಮ್ಮ ಕಣಜದ ಶೆಡ್ಡುಗಳನ್ನು ಚಳಿಗಾಲಕ್ಕೆ ಬಾಡಿಗೆಗೆ ಕೊಡುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ನಂಥ ಅವಧಿಗೆ ಮಾತ್ರ ಸಲ್ಲುವ ಋತುಮಾನದ ನಂಬರ್ ಪ್ಲೇಟ್ ಪಡೆದರೆ ವಿಮೆ ಮತ್ತು ತೆರಿಗೆ ಆ ತಿಂಗಳುಗಳಿಗಷ್ಟೇ. ಉಳಿದ ತಿಂಗಳು ಅದು ಖಾಸಗಿ ಜಾಗದಲ್ಲೇ ಇರಬೇಕು. ಗಡಿ ದಾಟುವವರಿಗೆ ಒಂದು ಮಾತು: ಆಸ್ಟ್ರಿಯಾದಲ್ಲಿ ಕಾರಿನ ಹೆದ್ದಾರಿ ಚೀಟಿಯೇ ಕ್ಯಾರವಾನಿಗೂ ಸಾಕು, ಸ್ವಿಟ್ಜರ್ಲೆಂಡಿನಲ್ಲಿ ಕ್ಯಾರವಾನಿಗೆ ಬೇರೆಯದೇ ಕೊಳ್ಳಬೇಕು.

ಮೊದಲ ಬೇಸಿಗೆಗೆ ಬಾಡಿಗೆಯ ಕ್ಯಾರವಾನ್ ಸಾಕು ಎನ್ನುತ್ತೇನೆ. ಬುಕ್ ಮಾಡುವಾಗ ಅದರ ಅನುಮತಿತ ಒಟ್ಟು ತೂಕ, 100ರ ಫಲಕ ಇದೆಯೇ ಎಂಬುದು ಮತ್ತು ನಿಮ್ಮ ಕಾರಿನ ಕೊಕ್ಕೆಯ ವಿದ್ಯುತ್ ಸಾಕೆಟ್ಟಿಗೆ ಅದರ 13 ಪಿನ್ನಿನ ಪ್ಲಗ್ ಹೊಂದುತ್ತದೆಯೇ ಎಂಬುದು, ಈ ಮೂರನ್ನೂ ಬರಹದಲ್ಲಿ ಕೇಳಿಕೊಳ್ಳಿ.