ಸೋಯಾ ಹೊಲ ಮತ್ತೆ ಕಾಡಾಗಬೇಕಾ? ಮಿಸಿಸಿಪ್ಪಿ ಬಯಲಲ್ಲಿ ಮಾಡುವುದು ಹೀಗೆ

ಅಮೆರಿಕದ ಮಿಸಿಸಿಪ್ಪಿ ನದಿಯ ಕೆಳಬಯಲಲ್ಲಿ ನಿಮಗೊಂದು ಹತ್ತೆಕರೆ ಸೋಯಾ ಹೊಲ ಇದೆ ಅಂತಿಟ್ಟುಕೊಳ್ಳಿ. ಆಗಾಗ ನೆರೆ ನುಗ್ಗುತ್ತದೆ, ಬೆಳೆ ಕೊಳೆಯುತ್ತದೆ. ಸಾಕಾಗಿ ಹೋಗಿ, ಇದನ್ನು ಮೊದಲಿದ್ದ ಹಾಗೆ ಕಾಡಾಗಿಸಿಬಿಡೋಣ ಅಂತ ತೀರ್ಮಾನಿಸುತ್ತೀರಿ. ಸಸಿ ತಂದು ನೆಟ್ಟರಾಯ್ತು, ಅಲ್ವಾ? ಅಷ್ಟು ಸುಲಭವಾಗಿದ್ದರೆ ಸ್ಟೋನ್‌ವಿಲ್ ಅನ್ನೋ ಪುಟ್ಟ ಊರಲ್ಲಿ ಅಮೆರಿಕದ ಅರಣ್ಯ ಸೇವೆ ಈ ಕಾಡುಗಳಿಗೆ ಅಂತಲೇ ಒಂದು ಸಂಶೋಧನಾ ಕೇಂದ್ರ ನಡೆಸಬೇಕಾಗಿರಲಿಲ್ಲ. ಎಮಿಲ್ ಗಾರ್ಡಿನರ್ ಅವರಂಥ ಅರಣ್ಯ ವಿಜ್ಞಾನಿಗಳು ಅಲ್ಲಿ ವರ್ಷಗಟ್ಟಲೆ ಓಕ್ ಸಸಿಗಳ ಬೇರು, ಎಲೆ, ನೆರಳು, ನೆರೆ ಇವನ್ನೇ ಅಳೆಯುತ್ತಾ ಕೂತಿದ್ದಾರೆ. ಅವರ ಕೆಲಸ ಓದಿದರೆ ಒಂದು ವಿಷಯ ಸ್ಪಷ್ಟ: ಸಸಿ ಬದುಕುತ್ತೋ ಸಾಯುತ್ತೋ ಅನ್ನೋದು ಹೆಚ್ಚುಪಾಲು ಅದು ಮಣ್ಣಿಗೆ ಇಳಿಯುವ ಮೊದಲೇ ನಿರ್ಧಾರವಾಗಿರುತ್ತದೆ.

ಹಿನ್ನೆಲೆ ಚುಟುಕಾಗಿ. ಈ ಬಯಲಲ್ಲಿ ಹಿಂದೆ ಸುಮಾರು 2.4 ಕೋಟಿ ಎಕರೆ ಕಾಡಿತ್ತು. 1927ರ ಮಹಾ ನೆರೆಯ ನಂತರ ಸರ್ಕಾರ ದೊಡ್ಡ ದೊಡ್ಡ ಒಡ್ಡು ಕಟ್ಟಿತು, ನೀರು ಬರುವುದಿಲ್ಲ ಅನ್ನೋ ಧೈರ್ಯದಲ್ಲಿ ಜನ ಮರ ಕಡಿಯುತ್ತಾ ಹೋದರು. 1970ರ ದಶಕದಲ್ಲಿ ಸೋಯಾ ಬೆಲೆ ಏರಿದಾಗ ಬುಲ್ಡೋಜರ್‌ಗಳಿಗೆ ಪುರುಸೊತ್ತೇ ಇರಲಿಲ್ಲ. ಉಳಿದದ್ದು ಹೆಚ್ಚುಕಡಿಮೆ ಕಾಲು ಭಾಗ. 1990ರ ಕೃಷಿ ಕಾಯ್ದೆ ಬಂದ ಮೇಲೆ, ನೆರೆ ಹೊಲಗಳನ್ನು ಬಿಟ್ಟುಕೊಡುವ ರೈತರಿಗೆ ಸರ್ಕಾರವೇ ದುಡ್ಡು ಕೊಟ್ಟು ಮರ ನೆಡಿಸತೊಡಗಿತು. ಆದರೆ ಮೊದಮೊದಲು ನೆಟ್ಟ ಎಷ್ಟೋ ಹೊಲಗಳಲ್ಲಿ ಕಾಡು ಏಳಲೇ ಇಲ್ಲ. ತಡವಾಗಿ ನೆಟ್ಟಿದ್ದು, ಒಣಗಿದ ಸಸಿ, ತಪ್ಪು ಜಾಗಕ್ಕೆ ತಪ್ಪು ಮರ, ಹೀಗೆ ಕಾರಣ ಒಂದಾ ಎರಡಾ. ಆಮೇಲೇ 1990ರ ದಶಕದ ನಡುವಿನಲ್ಲಿ ಮಿಸಿಸಿಪ್ಪಿ ರಾಜ್ಯದ ಶಾರ್ಕಿ ಕೌಂಟಿಯಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಸುಮ್ನೆ ಬಿಡುವುದು, ಬೀಜ ಬಿತ್ತುವುದು, ಸಸಿ ನೆಡುವುದು, ಬೇಗ ಬೆಳೆಯುವ ಮರದ ನೆರಳಲ್ಲಿ ಓಕ್ ಬೆಳೆಸುವುದು, ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

ಈಗ ಕೆಲಸಕ್ಕೆ ಇಳಿಯೋಣ.

1. ಮೊದಲು ನೀರನ್ನು ನೋಡಿ, ಆಮೇಲೆ ಮರ ಆರಿಸಿ

ನೋಡೋಕೆ ಹೊಲ ಚಪ್ಪಟೆಯಾಗಿಯೇ ಕಾಣುತ್ತದೆ. ಆದರೆ ಅರ್ಧ ಅಡಿ, ಒಂದಡಿ ಏರುತಗ್ಗು ಇಲ್ಲಿ ಎಲ್ಲವನ್ನೂ ಬದಲಿಸುತ್ತದೆ. ಚಳಿಗಾಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಏಪ್ರಿಲ್, ಮೇ ಹೊತ್ತಿಗೆ ಎಲ್ಲಿ ಇನ್ನೂ ಇಳಿದಿಲ್ಲ, ಇದನ್ನು ಗುರುತು ಹಾಕಿಕೊಳ್ಳಿ. ಯಾಕೆಂದರೆ ಎಲೆ ಉದುರಿಸಿ ಮಲಗಿರುವ ಸಸಿಗೆ ಚಳಿಗಾಲದ ನೆರೆ ದೊಡ್ಡ ವಿಷಯವೇ ಅಲ್ಲ. ಎಲೆ ಬಿಟ್ಟ ಮೇಲೆ ನೆತ್ತಿ ಮುಳುಗುವಷ್ಟು ನೀರು ವಾರಗಟ್ಟಲೆ ನಿಂತರೆ ಮಾತ್ರ ಕಥೆ ಮುಗಿಯಿತು.

ತೀರಾ ತಗ್ಗಿಗೆ ಓವರ್‌ಕಪ್ ಓಕ್, ವಾಟರ್ ಹಿಕರಿ. ವರ್ಷದ ಬಹುಪಾಲು ನೀರಿರುವ ಹೊಂಡಕ್ಕೆ ಬಾಲ್ಡ್ ಸೈಪ್ರೆಸ್, ಟುಪೆಲೊ. ಜಿಗುಟು ಮಣ್ಣಿನ ಬಯಲಿಗೆ ನಟಾಲ್ ಓಕ್, ಇದು ಇಲ್ಲಿನ ಸಂಶೋಧಕರ ಅಚ್ಚುಮೆಚ್ಚು. ಸ್ವಲ್ಪ ದಿಬ್ಬ, ನೀರು ಬಸಿದು ಹೋಗುವ ಕಡೆ ಚೆರ್ರಿಬಾರ್ಕ್ ಓಕ್. ಮರದ ಬೆಲೆ ಜಾಸ್ತಿ ಅಂತ ಚೆರ್ರಿಬಾರ್ಕನ್ನು ತಗ್ಗಲ್ಲಿ ನೆಟ್ಟರೆ ದುಡ್ಡು ನೀರಿಗೆ ಹಾಕಿದ ಹಾಗೆ, ಅಕ್ಷರಶಃ.

ನೆರೆ ತಡೆಯುವ ಮರ ನಿಜಕ್ಕೂ ಏನು ಮಾಡುತ್ತದೆ ಅಂತ ಹತ್ತಿರದಿಂದ ನೋಡಬೇಕೆಂದರೆ, ಕೆಲವು ವಾರ ನೀರಲ್ಲಿ ನಿಂತ ನಟಾಲ್ ಸಸಿಯ ಬುಡ ನೋಡಿ. ನೀರಿನ ಮಟ್ಟದ ಹತ್ತಿರ ತೊಗಟೆ ಒಡೆದು ಬಿಳಿ ಬಿಳಿ ಗುಳ್ಳೆಗಳು ಎದ್ದಿರುತ್ತವೆ. ರೋಗ ಅಂದುಕೊಳ್ಳಬೇಡಿ. ಉಸಿರಾಡುವ ಸಣ್ಣ ರಂಧ್ರಗಳು ಉಬ್ಬಿ ಹಾಗಾಗಿರುತ್ತವೆ. ಕೆಸರಲ್ಲಿ ಸಿಗದ ಗಾಳಿ ಅಲ್ಲಿಂದ ಒಳಗೆ ಹೋಗುತ್ತದೆ.

ಮಣ್ಣಿನ ಬಗ್ಗೆ ಒಂದು ಮಾತು. ಇಲ್ಲಿನ ಶಾರ್ಕಿ ಜೇಡಿ ನಮ್ಮ ವಿಜಯಪುರ, ಧಾರವಾಡ ಕಡೆಯ ಎರೆ ಭೂಮಿಯ ಜಾತಿಗೇ ಸೇರಿದ್ದು, ಮಣ್ಣು ವಿಜ್ಞಾನದ ಲೆಕ್ಕದಲ್ಲಿ ಎರಡೂ ವರ್ಟಿಸಾಲ್. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಎರೆ ಹೊಲ ಉತ್ತವರಿಗೆ ಇದರ ಕಾಟ ಬಿಡಿಸಿ ಹೇಳಬೇಕಾಗಿಲ್ಲ.

2. ಬೀಜವೋ ಸಸಿಯೋ?

ಓಕ್ ಬೀಜ ನೇರ ಬಿತ್ತಿದರೆ ಖರ್ಚು ಕಡಿಮೆ. ಎಕರೆಗೆ ಸಾವಿರಕ್ಕೂ ಹೆಚ್ಚು ಬೀಜ ಬೇಕು, ಎರಡರಿಂದ ಆರು ಇಂಚು ಆಳಕ್ಕೆ ಹೋಗಬೇಕು, ಮೇಲೇ ಬಿಟ್ಟರೆ ಇಲಿಗಳಿಗೆ ಹಬ್ಬ.

ಬೀಜ ಆರಿಸುವುದೇ ಒಂದು ಕಲೆ. ಓಕ್ ಬೀಜಕ್ಕೆ ಒಂದು ತುದಿಯಲ್ಲಿ ಬಟ್ಟಲಿನಂಥ ತೊಪ್ಪಿ ಇರುತ್ತದೆ, ಅದನ್ನು ತೆಗೆದು ಅಂಟಿಕೊಂಡಿದ್ದ ಜಾಗ ನೋಡಿ. ತಿಳಿ ಬಣ್ಣ, ಹೊಳಪಿದ್ದರೆ ಒಳ್ಳೆಯದು, ಕಂದಿ ಮಂಕಾಗಿದ್ದರೆ ಎಸೆಯಿರಿ. ದುಂಡನೆಯ ತೂತಿದ್ದರೆ ಹುಳ ತಿಂದು ಹೊರಟುಹೋಗಿದೆ ಅಂತ. ಉಳಿದದ್ದನ್ನು ನೀರಿಗೆ ಹಾಕಿ, ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ. ಓವರ್‌ಕಪ್ ಓಕ್‌ಗೆ ಮಾತ್ರ ಈ ಪರೀಕ್ಷೆ ಮಾಡಬೇಡಿ. ಅದರ ಬೀಜವನ್ನು ತೊಪ್ಪಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ, ಒಳ್ಳೆಯದೂ ತೇಲುತ್ತದೆ. ನೆರೆಯಲ್ಲಿ ತೇಲಿ ಊರು ಸುತ್ತುವುದೇ ಅದರ ಉಪಾಯ.

ನಟಾಲ್ ಬೀಜವನ್ನು ಒಣಗಲು ಬಿಡಬಾರದು. ಒಣಗಿದ ಓಕ್ ಬೀಜ ಸತ್ತ ಬೀಜ. ಒದ್ದೆ ಮಾಡಿ, ಪಾಲಿಥೀನ್ ಚೀಲದಲ್ಲಿ, ಫ್ರಿಜ್ಜಿನ ತಂಪಲ್ಲಿ ಚಳಿಗಾಲ ಕಳೆಯಬೇಕು.

ನನ್ನನ್ನು ಕೇಳಿದರೆ, ಹತ್ತೆಕರೆಯಷ್ಟು ಚಿಕ್ಕ ಹೊಲಕ್ಕೆ ಸಸಿಯೇ ವಾಸಿ. ನೂರಾರು ಎಕರೆ ಇದ್ದರೆ ಬೀಜದ ಲೆಕ್ಕಾಚಾರ ಬೇರೆ.

3. ನರ್ಸರಿಯಿಂದ ಹೊಲದವರೆಗೆ (ಎಡವುವುದು ಇಲ್ಲೇ)

ಅಲ್ಲಿ ಕೊಡುವುದು ನಮ್ಮ ಹಾಗೆ ಪ್ಲಾಸ್ಟಿಕ್ ಚೀಲದ ಗಿಡ ಅಲ್ಲ. ಒಂದು ವರ್ಷದ ಸಸಿಯನ್ನು ಚಳಿಗಾಲದಲ್ಲಿ ಮಣ್ಣಿಂದ ಎತ್ತಿ, ಬೇರು ಬರಿದಾಗಿಯೇ ಕಟ್ಟು ಕಟ್ಟಿ ಕೊಡುತ್ತಾರೆ. ಅಗ್ಗ, ಹಗುರ, ಒಬ್ಬ ಮನುಷ್ಯ ನೂರಾರು ಸಸಿ ಹೊರಬಹುದು. ಆದರೆ ಬೇರಿಗೆ ಬಿಸಿಲು, ಗಾಳಿ ತಾಗಿದ ಒಂದೊಂದು ನಿಮಿಷವೂ ಸಸಿಯ ಆಯಸ್ಸಿನಿಂದಲೇ ಹೋಗುತ್ತದೆ, ಮತ್ತು ಸತ್ತ ಸಸಿ ಚಳಿಗಾಲದಲ್ಲಿ ಬದುಕಿದ ಸಸಿಯ ಹಾಗೇ ಕಾಣುವುದರಿಂದ ನೆಟ್ಟವರಿಗೆ ಏಪ್ರಿಲ್‌ವರೆಗೆ ಸುಳಿವೇ ಸಿಗುವುದಿಲ್ಲ.

ಅದಕ್ಕೇ ಕಟ್ಟು ಬಿಚ್ಚಿದ ಕೂಡಲೇ ನೋಡಿ. ಕಾಂಡಕ್ಕಿಂತ ಬುಡ ಮುಖ್ಯ. ಬೇರು ಕಾಂಡ ಸೇರುವಲ್ಲಿ ಪೆನ್ಸಿಲ್‌ಗಿಂತ ತುಸು ದಪ್ಪ, ಅಂದರೆ 9-10 ಮಿ.ಮೀ. ಇರಬೇಕು. ತಾಯಿಬೇರು ಸುಮಾರು ಎಂಟು ಇಂಚು. ಅದರ ಪಕ್ಕದಿಂದ ಹೊರಟ ಗಟ್ಟಿ ಬೇರು ನಾಲ್ಕೈದಾದರೂ ಇರಲಿ. ಬರೀ ಗೆಣಸಿನಂತೆ ಬೋಳು ಬೇರಿದ್ದರೆ ಎಷ್ಟೇ ಎತ್ತರದ ಸಸಿಯಾದರೂ ವಾಪಸ್ ಕಳಿಸಿ. ತೊಗಟೆಯನ್ನು ಉಗುರಲ್ಲಿ ಕೆರೆದರೆ ಕೆಳಗೆ ಹಸಿರು ಕಾಣಬೇಕು. ಹೊಲಕ್ಕೆ ಒಯ್ಯುವವರೆಗೆ ತಂಪು ಕೋಣೆ, ಒದ್ದೆ ಚೀಲ, ನೆರಳು. ಟ್ರಕ್ಕಿನ ಹಿಂದೆ ತೆರೆದಿಟ್ಟು ಹೆದ್ದಾರಿಯಲ್ಲಿ ಓಡಿಸುವುದಂತೂ ಬೇಡವೇ ಬೇಡ.

4. ನೆಡುವುದು

ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿ. ಸಾಲಿಂದ ಸಾಲಿಗೆ 12 ಅಡಿ, ಸಸಿಯಿಂದ ಸಸಿಗೆ 12 ಅಡಿ ಅಂದರೆ ಎಕರೆಗೆ 302 ಬರುತ್ತದೆ, ಅಲ್ಲಿ ರೂಢಿಯಲ್ಲಿರುವ ಲೆಕ್ಕ ಇದು. ಹಾರೆಯಂಥ ಚಪ್ಪಟೆ ಸಲಾಕೆಯಿಂದ ಸೀಳು ಮಾಡಿ, ಬೇರನ್ನು ನೆಟ್ಟಗೆ ಇಳಿಸಿ. ತುದಿ ಮೇಲೆ ಮಡಚಿಕೊಳ್ಳಬಾರದು. ಆಳ ಸಾಲಲಿಲ್ಲ ಅಂತ ಬೇರನ್ನು ಕತ್ತರಿಸಬೇಡಿ, ಸೀಳನ್ನೇ ಆಳ ಮಾಡಿ. ಬುಡ ನೆಲಮಟ್ಟಕ್ಕೆ ಇರಲಿ, ಒಂದಿಂಚು ಕೆಳಗಿದ್ದರೂ ಪರವಾಗಿಲ್ಲ.

ಸೀಳು ಮುಚ್ಚುವಾಗ ಕೆಳಗಿಂದ ಮುಚ್ಚಬೇಕು. ಮೇಲೆ ಕಾಲಲ್ಲಿ ಒತ್ತಿ ಸುಮ್ಮನಾದರೆ ಒಳಗೆ ಗಾಳಿ ಉಳಿಯುತ್ತದೆ. ಇನ್ನು ಈ ಜೇಡಿ ತೀರಾ ಒದ್ದೆ ಇದ್ದಾಗ ನೆಟ್ಟರೆ, ಜುಲೈ ಬಿಸಿಲಿಗೆ ಅದೇ ಸೀಳು ಮತ್ತೆ ಬಾಯಿ ತೆರೆದು ಬೇರು ಹೊರಗೆ ಕಾಣುತ್ತದೆ. ಗಟ್ಟಿ ಪದರ ಒಡೆಯಲು ಟ್ರ್ಯಾಕ್ಟರ್‌ನಲ್ಲಿ ಆಳದ ಗೀರು ಎಳೆದಿದ್ದರೆ, ಗೀರಿನ ಮೇಲೆಯೇ ನೆಡದೆ ತುಸು ಪಕ್ಕಕ್ಕೆ ನೆಡಿ. ನೆಲ ಮೊದಲು ಬಿರಿಯುವುದು ಆ ಗೀರಿನಲ್ಲೇ.

ಎಲ್ಲಾ ಜಾತಿ ನೀವೇ ನೆಡಬೇಕಾಗಿಲ್ಲ. ಎಲ್ಮ್, ಸ್ವೀಟ್‌ಗಮ್ ಬೀಜಗಳು ಪಕ್ಕದ ಕಾಡಿಂದ ಗಾಳಿಯಲ್ಲೋ ನೀರಲ್ಲೋ ತಾವೇ ಬರುತ್ತವೆ. ಓಕ್, ಹಿಕರಿ ಬೀಜ ಭಾರ, ಅವು ನಡೆದು ಬರುವುದಿಲ್ಲ, ನಿಮ್ಮ ದುಡ್ಡು ಅವಕ್ಕೆ ಹೋಗಲಿ. ಗ್ರೀನ್ ಆಶ್ ಹಿಂದೆ ಎಲ್ಲರ ಪಟ್ಟಿಯಲ್ಲೂ ಇತ್ತು. 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಹುಳ ಆಶ್ ಮರಗಳನ್ನು ಮುಗಿಸುತ್ತಾ ಬರುತ್ತಿದೆ, ಹಾಗಾಗಿ ಈಗ ಅದನ್ನು ನೆಡುವ ಮುಂಚೆ ಎರಡು ಸಲ ಯೋಚಿಸಿ.

5. ನೆರಳು ಕೊಡುವ ದಾರಿ

ಗಾರ್ಡಿನರ್ ಮತ್ತು ಸಂಗಡಿಗರು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇದಕ್ಕೆ. ಮೊದಲು ಕಾಟನ್‌ವುಡ್ ಅನ್ನೋ ಬೇಗ ಬೆಳೆಯುವ ಮರದ ಕಡ್ಡಿಗಳನ್ನು ಊರುತ್ತಾರೆ. ಬೇರಿಲ್ಲದ ಬರೀ ಕಡ್ಡಿ, ತುದಿಯಲ್ಲೊಂದು ಮೊಗ್ಗು ಹೊರಗಿದ್ದರೆ ಸಾಕು. ಮೊದಲ ವರ್ಷ ಕಳೆ ತೆಗೆದುಕೊಟ್ಟರೆ ಅದು ಆಳೆತ್ತರ ದಾಟಿ ಓಡುತ್ತದೆ, ಕಳೆ ಬಿಟ್ಟರೆ ಮಾತ್ರ ಸೋಲುತ್ತದೆ. ಎರಡು ಬೇಸಿಗೆ ಕಳೆದ ಮೇಲೆ ಸಾಲು ಬಿಟ್ಟು ಸಾಲಿನ ಮಧ್ಯೆ ನಟಾಲ್ ಓಕ್ ನೆಡುತ್ತಾರೆ.

ತೆರೆದ ಹೊಲದ ಓಕ್‌ಗೆ ಹೋಲಿಸಿದರೆ ನೆರಳಿನ ಓಕ್ ಸಣಕಲು, ಅದು ನಿಜ. ಆದರೆ ಕೆಳಗೆ ಹುಲ್ಲು ಹೊಂಚು ಹಾಕುವುದು ಕಡಿಮೆ, ಮತ್ತು ಕೆಲವೇ ವರ್ಷಗಳಲ್ಲಿ ಮೇಲೆ ಮರದ ಚಪ್ಪರ ಆಗಿರುವುದರಿಂದ ಬರೀ ಓಕ್ ನೆಟ್ಟ ಹೊಲಕ್ಕಿಂತ ಎಷ್ಟೋ ಮೊದಲೇ ಕಾಡಿನ ಹಕ್ಕಿಗಳು ಬರುತ್ತವೆ, ಬಂದವು ಹಿಕ್ಕೆಯಲ್ಲಿ ಇನ್ನಷ್ಟು ಬೀಜ ತರುತ್ತವೆ. ಹತ್ತು ವರ್ಷದ ಹೊತ್ತಿಗೆ ಕಾಟನ್‌ವುಡ್ ಕಡಿದು ಕಾಗದದ ಗಿರಣಿಗೆ ಮಾರಬಹುದು, ಓಕ್‌ಗೆ ಬಿಸಿಲು ಸಿಗುತ್ತದೆ. ಕಡಿಯುವಾಗ ಮುರಿದ ಓಕ್ ಬುಡದಿಂದ ಮತ್ತೆ ಚಿಗುರುತ್ತದೆ. ಖರ್ಚು ಮಾತ್ರ ಶುರುವಿನಲ್ಲೇ ಜಾಸ್ತಿ, ಹತ್ತಿರದಲ್ಲಿ ಗಿರಣಿ ಇಲ್ಲದಿದ್ದರೆ ಈ ಲೆಕ್ಕ ಕೂಡಿಬರುವುದಿಲ್ಲ.

6. ಮೊದಲ ಮೂರು ವರ್ಷ

ಕಳೆ ಬಿಡಬೇಡಿ. ಎತ್ತರದ ಹುಲ್ಲಿನ ಮರೆಯಲ್ಲಿ ಇಲಿಗಳು ಬುಡದ ತೊಗಟೆ ಸುಲಿಯುತ್ತವೆ. ಸಸಿಯ ತುದಿ ಹೋಗಿದ್ದರೆ ಯಾರ ಕೆಲಸ ಅಂತ ಕಡಿತವೇ ಹೇಳುತ್ತದೆ. ಚಾಕುವಿನಲ್ಲಿ ಓರೆಯಾಗಿ ಕೊಯ್ದಂತಿದ್ದರೆ ಮೊಲ. ಎಳೆದು ಹರಿದು ಜುಂಗು ಜುಂಗಾಗಿದ್ದರೆ ಜಿಂಕೆ, ಅದಕ್ಕೆ ಮೇಲಿನ ಮುಂಗಡೆ ಹಲ್ಲಿಲ್ಲ. ಎರಡರಲ್ಲೂ ಓಕ್ ಸಾಯುವುದು ಅಪರೂಪ, ಹಿಂದುಳಿಯುತ್ತದೆ ಅಷ್ಟೇ.

ನೆರೆಗೆ ಏನೂ ಮಾಡಲಾಗದು. 2019ರಲ್ಲಿ ಇದೇ ಶಾರ್ಕಿ ಕೌಂಟಿ ಸೇರಿ ಯಾಜೂ ನದಿಯ ಹಿನ್ನೀರು ಪ್ರದೇಶದ 5 ಲಕ್ಷಕ್ಕೂ ಹೆಚ್ಚು ಎಕರೆ ತಿಂಗಳುಗಟ್ಟಲೆ, ಬೇಸಿಗೆಯೂ ಸೇರಿ, ನೀರಲ್ಲಿತ್ತು. ಅಂಥ ವರ್ಷ ಎಳೆ ಸಸಿ ಹೋದರೆ ಯಾರನ್ನೂ ಬೈಯುವಂತಿಲ್ಲ.

ಮೂರನೇ ವರ್ಷ ಎಲೆ ಉದುರುವ ಮುಂಚೆ ಒಮ್ಮೆ ಸಾಲು ಸಾಲು ನಡೆದು ಎಣಿಸಿ. ಅಲ್ಲೊಂದು ಇಲ್ಲೊಂದು ಸತ್ತಿದ್ದರೆ ಬಿಟ್ಟುಬಿಡಿ, ಗಾಳಿ ತಂದ ಬೀಜ ಆ ಜಾಗ ತುಂಬುತ್ತದೆ. ಒಂದು ಕಡೆ ದೊಡ್ಡ ಬಯಲೇ ಆಗಿದ್ದರೆ ಮಾತ್ರ ಮರುನೆಡಿ, ಆದರೆ ಮತ್ತದೇ ಜಾತಿ ತರಬೇಡಿ. ನೀವು ಅಳೆಯದೇ ಬಿಟ್ಟ ತಗ್ಗು ಅಲ್ಲಿರಬಹುದು, ಈ ಸಲ ಅಲ್ಲಿಗೆ ಓವರ್‌ಕಪ್ ಹಾಕಿ.